ಗುಜರಿ ಗೇರ್ ಬಾಕ್ಸ್‌ನಲ್ಲಿ ಟಾರ್ಕ್ ತೂಗಿ ನೋಡಿದ್ದು

ದಾವಣಗೆರೆಯ ಪಿ.ಬಿ. ರಸ್ತೆಗೆ ಹತ್ತಿರದಲ್ಲೇ ಇರುವ ನಮ್ಮ ಶೆಡ್‌ನಲ್ಲಿ ಈಗ ಒಂದು ಕಬ್ಬಿಣದ ಸ್ಟ್ಯಾಂಡ್ ಇದೆ. ಅದರ ಮೇಲೆ ಕಾರಿನ ಗೇರ್ ಬಾಕ್ಸ್ ಕೂತಿದೆ. ಒಂದು ಕಡೆ ಹಗ್ಗದಲ್ಲಿ ಎರಡು ಕೆಜಿಯ ತೂಕದ ಬಟ್ಟು. ಇನ್ನೊಂದು ಕಡೆ ಮೆಕ್ಕೆಜೋಳ ತುಂಬಿದ ಎರಡು ಚೀಲ, ಒಟ್ಟು 25 ಕೆಜಿ. ಫಸ್ಟ್ ಗೇರ್ ಹಾಕಿ ಬಟ್ಟನ್ನು ಬಿಟ್ಟರೆ ಅದು ಕೆಳಗೆ ಇಳಿಯುತ್ತದೆ, ಚೀಲಗಳು ಮೇಲೆ ಏಳುತ್ತವೆ. ಮೋಟಾರ್ ಇಲ್ಲ, ಕರೆಂಟ್ ಇಲ್ಲ. ಫೋರ್ತ್ ಗೇರ್ ಹಾಕಿದರೆ ಅದೇ ಬಟ್ಟಿಗೆ ಚೀಲ ನೆಲ ಬಿಡುವುದಿಲ್ಲ.

ಇದನ್ನು ಮಾಡಿದ್ದು ನಮ್ಮಲ್ಲಿ ಕೆಲಸ ಕಲಿಯಲು ಬರುವ ಐಟಿಐ ಹುಡುಗರಿಗಾಗಿ. ಗೇರ್ ಬಾಕ್ಸ್ ಇಳಿಸುವುದು, ಕ್ಲಚ್ ಪ್ಲೇಟ್ ಬದಲಿಸುವುದು ಅವರ ಕೈಗೆ ಬೇಗ ಬರುತ್ತದೆ. ಆದರೆ ಫಸ್ಟ್ ಗೇರ್‌ನಲ್ಲಿ ಗಾಡಿ ಯಾಕೆ ಜಾಸ್ತಿ ಎಳೆಯುತ್ತದೆ ಅಂತ ಕೇಳಿದರೆ, "ಪವರ್ ಜಾಸ್ತಿ ಇರುತ್ತಲ್ಲಣ್ಣ" ಅನ್ನುತ್ತಾರೆ. ಪವರ್ ಜಾಸ್ತಿ ಆಗುವುದಿಲ್ಲ. ಎಂಜಿನ್ ಎಷ್ಟು ಕೊಡುತ್ತದೋ ಅಷ್ಟೇ ಚಕ್ರಕ್ಕೆ ಹೋಗುವುದು, ಅದರಲ್ಲೂ ಸ್ವಲ್ಪ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಗೇರ್ ಬದಲಿಸಿದಾಗ ಬದಲಾಗುವುದು ಆ ಪವರ್‌ನಲ್ಲಿ ವೇಗದ ಪಾಲು ಎಷ್ಟು, ತಿರುಚುವ ಬಲದ, ಅಂದರೆ ಟಾರ್ಕ್‌ನ, ಪಾಲು ಎಷ್ಟು ಅನ್ನುವುದು. ಬೋರ್ಡ್ ಮೇಲೆ ಬರೆದರೆ ಹುಡುಗರು ತಲೆ ಆಡಿಸುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಮರೆಯುವುದಿಲ್ಲ.

ಸಾಮಾನು

ಗೇರ್ ಬಾಕ್ಸ್ ಗುಜರಿಯಲ್ಲಿ ಸಿಕ್ಕಿತು. 800 ಸಿಸಿಯ ಹಳೇ ಪುಟ್ಟ ಕಾರಿನದು. ಮುಂದಕ್ಕೆ ನಾಲ್ಕು ಗೇರ್, ಮುಂದಿನ ಚಕ್ರ ಎಳೆಯುವ ಗಾಡಿ. ಕೇಸಿಂಗ್‌ನ ಒಂದು ಮೌಂಟಿಂಗ್ ಕಿವಿ ಮುರಿದಿತ್ತು, ಹಾಗಾಗಿ ತೂಕದ ಲೆಕ್ಕದಲ್ಲಿ ಕೊಟ್ಟರು. ಒಳಗಿನ ಗೇರ್‌ಗಳು ಚೆನ್ನಾಗಿದ್ದವು. ಇಂಥದ್ದನ್ನೇ ಹುಡುಕಿದ್ದಕ್ಕೆ ಕಾರಣ ಇದೆ. ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಗೇರ್ ಬಾಕ್ಸ್ ಮುಂದೆ, ಡಿಫರೆನ್ಷಿಯಲ್ (ಎಳೆತವನ್ನು ಎರಡೂ ಚಕ್ರಕ್ಕೆ ಹಂಚುವ ಗೇರ್ ಜೋಡಣೆ) ಹಿಂದಿನ ಹೌಸಿಂಗ್‌ನಲ್ಲಿ ಇರುತ್ತದೆ. ಇದರಲ್ಲಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದೆ. ಮುಖ್ಯವಾದ ಶಾಫ್ಟ್ ಎರಡೇ. ಕ್ಲಚ್ ಕಡೆಯಿಂದ ಬರುವ ಇನ್‌ಪುಟ್ ಶಾಫ್ಟ್, ಅದರ ಪಕ್ಕದಲ್ಲಿ ಔಟ್‌ಪುಟ್ ಶಾಫ್ಟ್. ಔಟ್‌ಪುಟ್ ಶಾಫ್ಟ್‌ನ ತುದಿಯಲ್ಲಿರುವ ಚಿಕ್ಕ ಪಿನಿಯನ್ ದೊಡ್ಡ ರಿಂಗ್ ಗೇರನ್ನು ತಿರುಗಿಸುತ್ತದೆ. ರಿಂಗ್ ಗೇರ್ ಡಿಫರೆನ್ಷಿಯಲ್ ಮೈಗೆ ಬೋಲ್ಟ್ ಆಗಿದೆ. ಅದರ ಎರಡೂ ಪಕ್ಕದಿಂದ ಎಕ್ಸೆಲ್ ಹೊರಡುತ್ತದೆ.

ಇನ್‌ಪುಟ್ ಶಾಫ್ಟ್‌ಗೆ ಹಗ್ಗ ಸುತ್ತುವ ಡ್ರಮ್ ಕೂರಿಸಲು ಹೊಸದಾಗಿ ಸ್ಪ್ಲೈನ್ (ಶಾಫ್ಟ್ ಜಾರದ ಹಾಗೆ ಹಿಡಿಯುವ ಉದ್ದುದ್ದ ಹಲ್ಲು) ಕಡಿಸಬೇಕಾಗಿಲ್ಲ. ಸವೆದ ಹಳೇ ಕ್ಲಚ್ ಪ್ಲೇಟ್ ಇದ್ದರೆ ಸಾಕು. ಅದರ ನಡುವಿನ ಹಬ್ ಈ ಶಾಫ್ಟ್‌ಗೇ ಮಾಡಿದ್ದು, ನೇರ ಕೂರುತ್ತದೆ. ಲೈನಿಂಗ್ ತೆಗೆದು ಡ್ರಮ್ಮನ್ನು ಅದಕ್ಕೆ ಬೋಲ್ಟ್ ಮಾಡಿದೆವು. ಪ್ಲೇಟ್‌ನಲ್ಲಿರುವ ಡ್ಯಾಂಪರ್ ಸ್ಪ್ರಿಂಗ್‌ಗಳು ಅಲುಗದ ಹಾಗೆ ಹಬ್ಬನ್ನೂ ಪ್ಲೇಟನ್ನೂ ಸೇರಿಸಿ ನಾಲ್ಕು ಟ್ಯಾಕ್ ವೆಲ್ಡ್. ಎಕ್ಸೆಲ್ ಕಡೆಗೂ ಇದೇ ಉಪಾಯ: ಹಳೇ ಎಕ್ಸೆಲ್‌ನ ಒಳಗಿನ ಜಾಯಿಂಟ್ ಕತ್ತರಿಸಿ, ಅದರ ಬಟ್ಟಲಿಗೆ ಡ್ರಮ್ ವೆಲ್ಡ್ ಮಾಡಿದೆವು. ವೆಲ್ಡಿಂಗ್ ಬಿಸಿ ಸ್ಪ್ಲೈನ್‌ಗೆ ತಾಗಬಾರದು, ಆ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿಡಬೇಕು.

ಇನ್‌ಪುಟ್‌ಗೆ ಒಂದು, ಎಕ್ಸೆಲ್‌ಗಳಿಗೆ ಎರಡು, ಈ ಮೂರೂ ಡ್ರಮ್ಮಿನ ವ್ಯಾಸ ಒಂದೇ, 20 ಸೆಂ.ಮೀ. ಇದರಲ್ಲಿ ರಾಜಿ ಇಲ್ಲ. ಟಾರ್ಕ್ ಅಂದರೆ ಬಲ ಗುಣಿಸು ದೂರ. ವೀಲ್ ನಟ್ ಬಿಚ್ಚುವಾಗ ಪಾನಾಗೆ ಪೈಪ್ ಸಿಕ್ಕಿಸುವುದು ಆ ದೂರ ಹೆಚ್ಚಿಸಲಿಕ್ಕೇ ಅಲ್ವಾ. ಡ್ರಮ್‌ಗಳ ಅಳತೆ ಒಂದೇ ಇದ್ದರೆ ದೂರವೂ ಒಂದೇ, ಆಗ ತೂಕಗಳನ್ನು ಹೋಲಿಸಿದರೆ ಟಾರ್ಕನ್ನೇ ಹೋಲಿಸಿದ ಹಾಗೆ.

ಡ್ರಮ್ ಕಡಿಸಿದ್ದು ಪಕ್ಕದ ಲೇತ್ ಅಂಗಡಿಯಲ್ಲಿ. ಅಲ್ಲಿರುವುದು ಮೈಸೂರು ಕಿರ್ಲೋಸ್ಕರ್ ಲೇತ್, ನಮ್ಮ ಹರಿಹರದಲ್ಲೇ ತಯಾರಾದದ್ದು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಮೆಷಿನ್ ಇನ್ನೂ ಅಳತೆ ತಪ್ಪುವುದಿಲ್ಲ. ಹುಡುಗರನ್ನು ಕರೆದುಕೊಂಡು ಹೋಗಿ ಲೇತಿನ ಹೆಡ್‌ಸ್ಟಾಕ್ (ವೇಗ ಬದಲಿಸುವ ಗೇರ್‌ಗಳಿರುವ ಭಾಗ) ಕೂಡ ತೋರಿಸಿದೆ. ದಪ್ಪ ಕಬ್ಬಿಣಕ್ಕೆ ಆಳವಾಗಿ ಟೂಲ್ ಕೊಡುವಾಗ, ಥ್ರೆಡ್ ಕಡಿಯುವಾಗ ಮೇಸ್ತ್ರಿ ಸ್ಪಿಂಡಲ್ ವೇಗ ಇಳಿಸುತ್ತಾರೆ. ಮೋಟಾರ್ ಅದೇ, ಎಳೆತ ಜಾಸ್ತಿ.

ಕೇಸಿಂಗ್ ಕತ್ತರಿಸುವುದು

ಡೀಸೆಲ್‌ನಲ್ಲಿ ತೊಳೆದು ಒಣಗಿಸಿದ ಮೇಲೆ ಕೇಸಿಂಗ್‌ಗೆ ಕಿಟಕಿ ಕೊರೆಯಬೇಕು. ಇದು ಅಲ್ಯೂಮಿನಿಯಂ. ಕಬ್ಬಿಣಕ್ಕೆ ಬಳಸುವ ಗ್ರೈಂಡಿಂಗ್ ವೀಲ್ ಹಾಕಬೇಡಿ. ಮೆತ್ತನೆಯ ಲೋಹ ವೀಲ್‌ನ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ, ವೀಲ್ ಬಿಸಿಯಾಗಿ ಒಡೆಯುವ ಅಪಾಯ ಇದೆ. ನಾವು ಗುರುತು ಹಾಕಿದ ಗೆರೆಯ ಉದ್ದಕ್ಕೂ ಸಾಲಾಗಿ ಡ್ರಿಲ್ ಹೊಡೆದು, ಹ್ಯಾಕ್ಸಾ ಬ್ಲೇಡ್‌ನಿಂದ ರಂಧ್ರಗಳನ್ನು ಕೂಡಿಸಿ, ಅಂಚನ್ನು ಅರದಿಂದ ಉಜ್ಜಿದೆವು. ಹೊತ್ತು ಹಿಡಿಯುತ್ತದೆ, ಆದರೆ ಕೈಗೂ ಕೇಸಿಂಗ್‌ಗೂ ಕ್ಷೇಮ. ಬೇರಿಂಗ್ ಕೂರುವ ಜಾಗದ ಸುತ್ತ ಎರಡು ಬೆರಳಿನಷ್ಟು ಲೋಹ ಬಿಡಲೇಬೇಕು. ಅಲ್ಲಿ ತೆಳುವಾದರೆ ಭಾರ ಬಿದ್ದಾಗ ಶಾಫ್ಟ್‌ಗಳು ಒಂದರಿಂದ ಒಂದು ದೂರ ಸರಿಯುತ್ತವೆ, ಹಲ್ಲುಗಳ ಕೂಟ ಕೆಡುತ್ತದೆ.

ಗೇರ್‌ಗಳ ಪಕ್ಕಕ್ಕೆ ಮಾತ್ರ ಬಣ್ಣ ಹಚ್ಚಿದೆವು. ಒಂದೊಂದು ಜೋಡಿಗೆ ಒಂದೊಂದು ಬಣ್ಣ. ಹಲ್ಲಿನ ಮೇಲೆ ಬಣ್ಣ ಹಚ್ಚಿದರೆ ಅದು ಎದ್ದು ಬೇರಿಂಗ್‌ಗೆ ಸೇರುತ್ತದೆ.

ಹಲ್ಲು ಎಣಿಸಿದ್ದು

ಎಣಿಸುವ ಕೆಲಸ ಹುಡುಗರದೇ. ಒಂದು ಹಲ್ಲಿಗೆ ಚಾಕ್‌ಪೀಸ್ ಗುರುತು, ಅಲ್ಲಿಂದ ಸುತ್ತು. ಫಸ್ಟ್ ಗೇರ್ ಜೋಡಿಯಲ್ಲಿ ಇನ್‌ಪುಟ್ ಕಡೆ 12 ಹಲ್ಲು, ಔಟ್‌ಪುಟ್ ಕಡೆ 43. ಭಾಗಿಸಿದರೆ 3.58. ಸೆಕೆಂಡ್‌ನಲ್ಲಿ 18ಕ್ಕೆ 39, ಅಂದರೆ 2.17. ಥರ್ಡ್ 24ಕ್ಕೆ 32, ಅಂದರೆ 1.33. ಫೋರ್ತ್‌ನಲ್ಲಿ ಲೆಕ್ಕ ತಿರುಗುತ್ತದೆ: 30ಕ್ಕೆ 27, ಅಂದರೆ 0.90. ಅಲ್ಲಿ ಔಟ್‌ಪುಟ್ ಶಾಫ್ಟ್ ಎಂಜಿನ್‌ಗಿಂತ ಜೋರಾಗಿ ತಿರುಗುತ್ತದೆ, ಟಾರ್ಕ್ ಎಂಜಿನ್‌ನದಕ್ಕಿಂತ ಕಡಿಮೆ. ಇಷ್ಟಾದ ಮೇಲೆ ಎಲ್ಲ ಗೇರ್‌ಗಳಿಗೂ ಒಂದೇ ಆದ ಕೊನೆಯ ಜೋಡಿ ಇದೆ. ಪಿನಿಯನ್‌ಗೆ 17, ರಿಂಗ್ ಗೇರ್‌ಗೆ 74. ಅದು 4.35.

ಎರಡು ಹಂತ ಇದ್ದಾಗ ಕೂಡಿಸಬಾರದು, ಗುಣಿಸಬೇಕು. ಫಸ್ಟ್ ಗೇರ್‌ಗೆ 3.58 ಗುಣಿಸು 4.35, ಹತ್ತಿರ ಹತ್ತಿರ 15.6. ಸೆಕೆಂಡ್‌ಗೆ 9.4, ಥರ್ಡ್‌ಗೆ 5.8, ಫೋರ್ತ್‌ಗೆ 3.9. ಚಾಕ್ ಗುರುತು ಹಾಕಿ ಇನ್‌ಪುಟ್ ಡ್ರಮ್ ತಿರುಗಿಸಿದರೆ, ಹದಿನೈದೂವರೆ ಸುತ್ತು ದಾಟಿದಾಗ ರಿಂಗ್ ಗೇರ್ ಒಂದು ಸುತ್ತು ಮುಗಿಸುತ್ತದೆ.

ಹಲ್ಲು ಜಾಸ್ತಿ ಇದ್ದರೆ ಟಾರ್ಕ್ ಯಾಕೆ ಜಾಸ್ತಿ ಅನ್ನುವುದು ಕಿಟಕಿಯಿಂದ ನೋಡಿದರೆ ತಿಳಿಯುತ್ತದೆ. ಎರಡು ಗೇರ್‌ನ ಹಲ್ಲು ತಾಗುವ ಜಾಗದಲ್ಲಿ ಒಂದು ಎಷ್ಟು ಬಲದಿಂದ ದೂಡುತ್ತದೋ ಇನ್ನೊಂದಕ್ಕೆ ಅಷ್ಟೇ ಬಲ ಬೀಳುತ್ತದೆ. ಬಲ ಒಂದೇ. ಆದರೆ ಚಿಕ್ಕ ಗೇರ್‌ನಲ್ಲಿ ಆ ಜಾಗ ನಡುವಿನಿಂದ ಹತ್ತಿರ, ದೊಡ್ಡ ಗೇರ್‌ನಲ್ಲಿ ದೂರ. ಮೂರೂವರೆ ಪಟ್ಟು ದೂರ ಇದ್ದರೆ ಮೂರೂವರೆ ಪಟ್ಟು ಟಾರ್ಕ್. ಅದರ ಜೊತೆಗೇ, 12 ಹಲ್ಲಿನದು ಮೂರೂವರೆ ಸುತ್ತು ಹಾಕಿದರೆ 43 ಹಲ್ಲಿನದಕ್ಕೆ ಒಂದೇ ಸುತ್ತು. ಒಂದು ಸಿಕ್ಕಿತು, ಒಂದು ಹೋಯಿತು.

ಗೇರ್ ಬೀಳುವುದು ಹೇಗೆ

ಹುಡುಗರಿಗೆ ಅತಿ ಹೆಚ್ಚು ಆಶ್ಚರ್ಯ ಆಗಿದ್ದು ಇಲ್ಲಿ. ಲಿವರ್ ಎಳೆದಾಗ ಗೇರ್‌ಗಳು ಜಾರಿ ಬಂದು ಒಂದಕ್ಕೊಂದು ಕೂಡುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಕಿಟಕಿಯಲ್ಲಿ ನೋಡಿದರೆ ನಾಲ್ಕೂ ಜೋಡಿ ಯಾವಾಗಲೂ ಕೂಡಿಕೊಂಡೇ ತಿರುಗುತ್ತಿರುತ್ತವೆ. ಪ್ರತಿ ಜೋಡಿಯಲ್ಲೂ ಒಂದು ಗೇರ್ ತನ್ನ ಶಾಫ್ಟ್‌ಗೆ ಅಂಟಿಲ್ಲ, ಸುಮ್ನೆ ಅದರ ಮೇಲೆ ಸುತ್ತುತ್ತದೆ. ನ್ಯೂಟ್ರಲ್ ಅಂದರೆ ಇದೇ. ಎರಡು ಗೇರ್‌ಗಳ ನಡುವೆ ಶಾಫ್ಟ್‌ಗೆ ಸ್ಪ್ಲೈನ್ ಆದ ಒಂದು ಹಬ್, ಅದರ ಮೇಲೆ ಸ್ಲೀವ್. ಲಿವರ್ ಎಳೆದಾಗ ಫೋರ್ಕ್ ಈ ಸ್ಲೀವನ್ನು ದೂಡುತ್ತದೆ. ಸ್ಲೀವ್ ಹೋಗಿ ಗೇರ್‌ನ ಪಕ್ಕದಲ್ಲಿರುವ ಸಣ್ಣ ಹಲ್ಲುಗಳನ್ನು ಹಿಡಿಯುತ್ತದೆ. ಆ ಗಳಿಗೆಯಿಂದ ಆ ಗೇರ್ ಶಾಫ್ಟ್‌ನ ಜೊತೆ ಒಂದಾಗುತ್ತದೆ.

ಗೇರ್ ಹಾಕುವಾಗ ಕೇಳುವ ಕಿರ್ರ್ ಸದ್ದು ಈ ಸಣ್ಣ ಹಲ್ಲುಗಳದು, ದೊಡ್ಡ ಹಲ್ಲುಗಳದಲ್ಲ. ಸ್ಲೀವ್ ಒಂದು ವೇಗದಲ್ಲಿ, ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿದ್ದರೆ ಹಿಡಿತ ಸಿಗುವುದಿಲ್ಲ. ಎರಡರ ವೇಗ ಸಮ ಮಾಡಲು ನಡುವೆ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ ಇದೆ. ಅದು ಗೇರ್‌ನ ಇಳಿಜಾರು ಮೈಗೆ ಒತ್ತಿಕೊಂಡು ಪುಟ್ಟ ಬ್ರೇಕ್ ಥರ ಕೆಲಸ ಮಾಡುತ್ತದೆ. ವೇಗ ಸಮ ಆಗುವ ತನಕ ಸ್ಲೀವನ್ನು ಮುಂದೆ ಬಿಡುವುದೂ ಇಲ್ಲ. ರಿಂಗನ್ನು ಗೇರ್‌ಗೆ ಒತ್ತಿ ಹಿಡಿದು ನಡುವಿನ ಸಂದಿಗೆ ಫೀಲರ್ ಗೇಜ್ ಹಾಕಿ ನೋಡಿ. ಹೊಸದಾದರೆ ಸುಮಾರು 1 ಮಿ.ಮೀ. ಇರುತ್ತದೆ. ಅರ್ಧ ಮಿ.ಮೀ.ಗಿಂತ ಕಡಿಮೆ ಆಗಿದ್ದರೆ ರಿಂಗ್ ಸವೆದಿದೆ ಅಂತ ಅರ್ಥ. ನಮ್ಮ ಪೆಟ್ಟಿಗೆಯಲ್ಲಿ ಸೆಕೆಂಡ್ ಗೇರ್‌ನ ರಿಂಗ್ ಹಾಗೇ ಸವೆದಿತ್ತು. ಊರೊಳಗೆ ಓಡುವ ಗಾಡಿಯಲ್ಲಿ ಮೊದಲು ಹೋಗುವುದು ಅದೇ. ಥರ್ಡ್‌ನಿಂದ ಸೆಕೆಂಡ್‌ಗೆ ಇಳಿಸುವುದೇ ಅಲ್ಲಿ ಜಾಸ್ತಿ. ಅದನ್ನು ಬದಲಿಸದೆ ಹಾಗೇ ಬಿಟ್ಟಿದ್ದೇವೆ, ಸವೆತ ಹೇಗಿರುತ್ತದೆ ಅಂತ ತೋರಿಸಲು ಬೇಕು.

ಸಿಂಕ್ರೊಮೆಶ್ ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ. ಅದು ಇಲ್ಲದ ಗಾಡಿಗಳಲ್ಲಿ ವೇಗ ಸಮ ಮಾಡುವ ಕೆಲಸ ಡ್ರೈವರ್‌ನದೇ ಆಗಿತ್ತು. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಅಳತೆ ನೋಡಿ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕುವುದು. ಹಳಬ ಲಾರಿ ಡ್ರೈವರ್‌ಗಳು ಡಬಲ್ ಕ್ಲಚ್ ಅನ್ನುವುದು ಇದಕ್ಕೇ. ಕಿವಿಯಿಂದಲೇ ಎಂಜಿನ್ ವೇಗ ಅಳೆಯುವ ಆ ಕಲೆಗೆ ನನಗೆ ತುಂಬಾ ಗೌರವ ಇದೆ.

ರಿವರ್ಸ್ ಮಾತ್ರ ಬೇರೆ. ಅದರ ಹಲ್ಲು ನೇರ, ಸಿಂಕ್ರೊನೈಸರ್ ಇಲ್ಲ. ನಡುವೆ ಒಂದು ಐಡ್ಲರ್ ಗೇರ್ ನಿಜವಾಗಿಯೂ ಜಾರಿ ಬಂದು ಕೂಡುತ್ತದೆ, ಅದರಿಂದಲೇ ದಿಕ್ಕು ತಿರುಗುತ್ತದೆ. ಗಾಡಿ ಪೂರ್ತಿ ನಿಂತ ಮೇಲೆಯೇ ರಿವರ್ಸ್ ಹಾಕಬೇಕು ಅನ್ನುವುದು ಇದಕ್ಕೆ. ಹಿಂದೆ ಹೋಗುವಾಗ ಬರುವ ಕೊಂಯ್ ಸದ್ದೂ ನೇರ ಹಲ್ಲಿನದೇ. ಓರೆ ಹಲ್ಲಿನಲ್ಲಿ ಒಂದು ಬಿಡುವ ಮುಂಚೆ ಇನ್ನೊಂದು ಹಿಡಿದಿರುತ್ತದೆ, ಅದಕ್ಕೆ ಮುಂದಿನ ಗೇರ್‌ಗಳು ಅಷ್ಟು ಸದ್ದು ಮಾಡುವುದಿಲ್ಲ.

ತೂಗಿದ್ದು

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಚೀಲ ಮೇಲಿದ್ದಾಗ ಲಿವರ್ ನ್ಯೂಟ್ರಲ್‌ಗೆ ಬಂದರೆ ಚೀಲ ಧಡ್ ಅಂತ ಬೀಳುತ್ತದೆ. ಅದರ ಕೆಳಗೆ ಮರದ ದಿಮ್ಮಿ ಇಟ್ಟಿರಬೇಕು, ಕಾಲು ಅಲ್ಲಿರಬಾರದು.

ಮೊದಲು ಎಡಗಡೆಯ ಎಕ್ಸೆಲ್‌ಗೆ ಮಾತ್ರ ಹಗ್ಗ ಕಟ್ಟಿ, ಬಲಗಡೆಯದನ್ನು ಸ್ಟ್ಯಾಂಡ್‌ಗೆ ಬಿಗಿದೆವು. ಫಸ್ಟ್ ಗೇರ್, 2 ಕೆಜಿ ಬಟ್ಟು. 15.6 ಪಟ್ಟು ಅಂದರೆ ಲೆಕ್ಕಕ್ಕೆ 31 ಕೆಜಿ ಬರಬೇಕು. 13 ಕೆಜಿ ದಾಟಿದ ಮೇಲೆ ಚೀಲ ಮೇಲೇಳಲಿಲ್ಲ.

"ಅರ್ಧ ಎಲ್ಲಿ ಹೋಯ್ತಣ್ಣ?"

ಈ ಪ್ರಶ್ನೆ ಬರಲಿ ಅಂತಲೇ ಒಂದು ಕಡೆ ಬಿಗಿದಿದ್ದು. ಅರ್ಧ ಬಲಗಡೆಗೆ ಹೋಗಿದೆ. ಡಿಫರೆನ್ಷಿಯಲ್ ತನಗೆ ಬಂದ ಟಾರ್ಕನ್ನು ಎರಡೂ ಎಕ್ಸೆಲ್‌ಗೆ ಸಮನಾಗಿ ಹಂಚುತ್ತದೆ. ಬಿಗಿದ ಎಕ್ಸೆಲ್ ತಿರುಗದಿದ್ದರೂ ಸ್ಟ್ಯಾಂಡನ್ನು ತಿರುಚುತ್ತಲೇ ಇರುತ್ತದೆ. ಬಿಗಿದದ್ದನ್ನು ಬಿಚ್ಚಿ, ಅಲ್ಲಿ ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡಿದರೆ ಆ ಕಡೆಯೂ ಹೆಚ್ಚು ಕಡಿಮೆ ಅಷ್ಟೇ ಎಳೆತ. ಇನ್ನೊಂದು ವಿಷಯ ಗಮನಿಸಿ. ಒಂದು ಕಡೆ ನಿಂತಿದ್ದಾಗ ತಿರುಗುವ ಕಡೆ ಎರಡು ಪಟ್ಟು ವೇಗ. ಬಟ್ಟು 1 ಮೀಟರ್ ಇಳಿದರೆ ಚೀಲ ಸುಮಾರು 13 ಸೆಂ.ಮೀ. ಏರಿತು. ಬಲ ಅರ್ಧ, ದೂರ ಎರಡರಷ್ಟು. ಇಲ್ಲೂ ಪುಕ್ಕಟೆ ಏನೂ ಸಿಗಲಿಲ್ಲ.

ಆಮೇಲೆ 25 ಕೆಜಿ ಜೋಳವನ್ನು ಎರಡು ಚೀಲಕ್ಕೆ ಸಮ ಮಾಡಿ ಎರಡೂ ಡ್ರಮ್‌ಗೆ ಕಟ್ಟಿದೆವು. ಬಟ್ಟು ಬಿಟ್ಟಾಗ ಎರಡೂ ನಿಧಾನಕ್ಕೆ ಎದ್ದವು. 1 ಮೀಟರ್ ಇಳಿತಕ್ಕೆ ಆರು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಕೆಲಸ ಅಂದರೆ ಕೆಜಿ ಗುಣಿಸು ಸೆಂ.ಮೀ. ಅಂತ ಇಟ್ಟುಕೊಳ್ಳಿ. ಕೊಟ್ಟ ಕೆಲಸ 2 ಗುಣಿಸು 100, ಅಂದರೆ 200. ಸಿಕ್ಕಿದ್ದು 25 ಗುಣಿಸು 6.4, ಅಂದರೆ 160. ಉಳಿದ 40 ಬೇರಿಂಗ್, ಸೀಲ್, ಹಲ್ಲು, ಎಣ್ಣೆಯ ಘರ್ಷಣೆಗೆ ಹೋಯಿತು. ಇಷ್ಟು ಕಡಿಮೆ ಭಾರದಲ್ಲಿ ಸೀಲ್‌ನ ಬಿಗುವೇ ದೊಡ್ಡದಾಗಿ ಕಾಣುತ್ತದೆ. ಓಡುವ ಗಾಡಿಯಲ್ಲಿ ನಷ್ಟದ ಪಾಲು ಇದಕ್ಕಿಂತ ಕಡಿಮೆ. ಘರ್ಷಣೆಯನ್ನು ಬೇರೆ ಮಾಡಿ ನೋಡಲು ಒಂದು ದಾರಿ ಇದೆ. ಜೋಳ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ 27 ಕೆಜಿ ಹತ್ತಿರ ಏರುವುದು ನಿಲ್ಲುತ್ತದೆ, ಆದರೆ ಇಳಿಯುವುದೂ ಇಲ್ಲ. 35 ದಾಟಿದ ಮೇಲೆ ಚೀಲವೇ ಬಟ್ಟನ್ನು ಮೇಲಕ್ಕೆ ಎಳೆಯುತ್ತದೆ. ಎರಡರ ನಡುವಿನದು 31. ಹಲ್ಲು ಎಣಿಸಿ ಬಂದ ಸಂಖ್ಯೆಯೇ ಅದು! ಹುಡುಗರು ಕುಣಿದುಬಿಟ್ಟರು, ನನಗೂ ಅಷ್ಟೇ ಖುಷಿ.

ಒಂದು ಚೀಲದಿಂದ ಎರಡು ಕೆಜಿ ಜೋಳ ತೆಗೆದರೆ ಹಗುರಾದ ಚೀಲ ಸರಸರ ಏರುತ್ತದೆ, ಭಾರದ್ದು ಕೂತಲ್ಲೇ ಕೂರುತ್ತದೆ. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಒಂದು ಚಕ್ರ ಕೆಸರಲ್ಲಿ ಸುಮ್ನೆ ಸುತ್ತುತ್ತಾ ಗಟ್ಟಿ ನೆಲದ ಚಕ್ರ ಅಲುಗದೆ ನಿಲ್ಲುವುದು ಹೀಗೆ. ಕೆಸರಿನ ಚಕ್ರಕ್ಕೆ ಎಷ್ಟು ಕಡಿಮೆ ಟಾರ್ಕ್ ಸಾಕೋ, ಗಟ್ಟಿ ನೆಲದ್ದಕ್ಕೂ ಅಷ್ಟೇ ಸಿಗುತ್ತದೆ. ಟ್ರ್ಯಾಕ್ಟರ್‌ನಲ್ಲಿ ಡಿಫರೆನ್ಷಿಯಲ್ ಲಾಕ್ ಪೆಡಲ್ ಕೊಟ್ಟಿರುವುದು ಇದಕ್ಕಾಗಿ. ಅದನ್ನು ಒತ್ತಿದರೆ ಎರಡೂ ಎಕ್ಸೆಲ್ ಒಂದಾಗಿ ತಿರುಗುತ್ತವೆ.

ಅದೇ 2 ಕೆಜಿ ಬಟ್ಟಿಗೆ ಎರಡೂ ಚೀಲ ಸೇರಿ ಸೆಕೆಂಡ್‌ನಲ್ಲಿ 16 ಕೆಜಿ, ಥರ್ಡ್‌ನಲ್ಲಿ 10, ಫೋರ್ತ್‌ನಲ್ಲಿ ಆರೂವರೆ ಕೆಜಿ ತನಕ ಎದ್ದವು.

ರಸ್ತೆ ಮೇಲಿನ ಲೆಕ್ಕ

ಇದೇ ಸಂಖ್ಯೆಗಳನ್ನು ಗಾಡಿಗೆ ಹಾಕಿ ನೋಡೋಣ. ಈ ಗಾತ್ರದ ಎಂಜಿನ್‌ನ ಗರಿಷ್ಠ ಟಾರ್ಕ್ ಸುಮಾರು 60 ನ್ಯೂಟನ್ ಮೀಟರ್. ಟೈರ್‌ನ ತ್ರಿಜ್ಯ ಸುಮಾರು 25 ಸೆಂ.ಮೀ. ಫಸ್ಟ್‌ನಲ್ಲಿ ರಸ್ತೆಗೆ ಬೀಳುವ ಎಳೆತ ಸುಮಾರು 380 ಕೆಜಿ ಬಲ, ಸೆಕೆಂಡ್‌ನಲ್ಲಿ 230, ಥರ್ಡ್‌ನಲ್ಲಿ 140, ಫೋರ್ತ್‌ನಲ್ಲಿ 96. ಜನ ಸೇರಿ ಗಾಡಿ 950 ಕೆಜಿ ಇದೆ ಅಂದುಕೊಳ್ಳಿ. 10 ಮೀಟರ್‌ಗೆ 1 ಮೀಟರ್ ಏರುವ ದಿಬ್ಬದಲ್ಲಿ ಅದನ್ನು ಹಿಂದಕ್ಕೆ ಎಳೆಯುವ ಬಲ 95 ಕೆಜಿ, ಟೈರ್ ಉರುಳಲು ಇನ್ನೊಂದು ಹತ್ತು ಹನ್ನೆರಡು. ಫೋರ್ತ್‌ನಲ್ಲಿ ಆಗುವುದೇ ಇಲ್ಲ. ಥರ್ಡ್‌ನಲ್ಲಿ ದಾರಿಯ ನಷ್ಟ ಕಳೆದರೆ ಸ್ವಲ್ಪವೇ ಉಳಿಯುತ್ತದೆ. ಸೆಕೆಂಡ್‌ನಲ್ಲಿ ಆರಾಮ. ಚಿತ್ರದುರ್ಗದಿಂದ ಜೋಗಿಮಟ್ಟಿಗೆ ಹತ್ತುವಾಗ ಕೈ ತಾನಾಗಿ ಸೆಕೆಂಡ್‌ಗೆ ಹೋಗುತ್ತದಲ್ಲ, ಅದರ ಹಿಂದಿನ ಲೆಕ್ಕ ಇದು.

ಇದಕ್ಕೆ ಕೊಡುವ ಬೆಲೆ ವೇಗ. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಇದ್ದರೆ ಫಸ್ಟ್‌ನಲ್ಲಿ ಗಂಟೆಗೆ 18 ಕಿ.ಮೀ., ಸೆಕೆಂಡ್‌ನಲ್ಲಿ 30, ಥರ್ಡ್‌ನಲ್ಲಿ 49, ಫೋರ್ತ್‌ನಲ್ಲಿ 72. ಏರಿನಲ್ಲಿ ಥರ್ಡ್, ಫೋರ್ತ್‌ನಲ್ಲೇ ಒದ್ದಾಡಿಸಿದರೆ ಎಂಜಿನ್ ಸುತ್ತು ಬೀಳುತ್ತದೆ. ತೀರಾ ಕೆಳಗಿನ ಸುತ್ತಿನಲ್ಲಿ ಟಾರ್ಕ್ ಕೂಡ ಕಡಿಮೆ, ಎಂಜಿನ್ ಗುದ್ದತೊಡಗುತ್ತದೆ. ಆಕ್ಸಿಲರೇಟರ್ ತುಳಿದರೆ ಏನೂ ಉಪಯೋಗ ಇಲ್ಲ, ಗೇರ್ ಇಳಿಸಬೇಕು. ಸುಗ್ಗಿಯಲ್ಲಿ ಮಾರ್ಕೆಟ್‌ಗೆ ಜೋಳ ತರುವ ಟ್ರ್ಯಾಕ್ಟರ್‌ಗಳಿಗೆ ನಾಲ್ಕು ಗೇರ್ ಜೊತೆ ಹೈ-ಲೋ ಲಿವರ್ ಬೇರೆ ಇರುತ್ತದೆ. ಅದು ಮತ್ತೊಂದು ಜೋಡಿ ಹಲ್ಲು, ಮತ್ತೊಂದು ಸಲ ಗುಣಿಸುವುದು. ನಾಲ್ಕು ಎಂಟಾಗುವುದು ಹೀಗೆ.

ಹುಡುಗರಿಗೆ ನಾನು ಮಾಡಿಸುವ ಇನ್ನೊಂದು ಪರೀಕ್ಷೆ ಇದರ ಉಲ್ಟಾ. ಬಟ್ಟು ತೆಗೆದು, ಚೀಲಗಳನ್ನು ಮೇಲೇರಿಸಿ, ಇನ್‌ಪುಟ್ ಡ್ರಮ್ಮನ್ನು ಕೈಯಲ್ಲಿ ಹಿಡಿಯಬೇಕು. ಫಸ್ಟ್‌ನಲ್ಲಿ 25 ಕೆಜಿಯನ್ನು ಎರಡು ಬೆರಳಲ್ಲಿ ತಡೆಯಬಹುದು. ಫೋರ್ತ್‌ನಲ್ಲಿ ಮುಂಗೈ ಬಿಗಿಯಬೇಕು. ಇಳಿಜಾರಲ್ಲಿ ಗಾಡಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಜೊತೆ ಫಸ್ಟ್ ಅಥವಾ ರಿವರ್ಸ್ ಹಾಕಬೇಕು ಅನ್ನುವುದು ಇದಕ್ಕೇ. ಉದ್ದ ಇಳಿತದಲ್ಲಿ ಸೆಕೆಂಡ್‌ನಲ್ಲಿ ಇಳಿದರೆ ಬ್ರೇಕ್ ಕಾಯುವುದಿಲ್ಲ ಅನ್ನುವುದೂ ಇದಕ್ಕೇ. ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಒಮ್ಮೆ ಕರೆತಂದು ಈ ಡ್ರಮ್ ಹಿಡಿಸಬೇಕು ಅನ್ನಿಸುತ್ತದೆ.

ಇದನ್ನು ಮಾಡಲು ಹೊರಟವರಿಗೆ ಎಣ್ಣೆಯ ಬಗ್ಗೆ ಒಂದು ಮಾತು. ಪ್ರದರ್ಶನಕ್ಕೆ ತೆಳು ಎಣ್ಣೆ ಸವರಿದರೆ ಸಾಕು. ಓಡುವ ಗಾಡಿಗಾದರೆ ಹಿತ್ತಾಳೆ ರಿಂಗ್ ಇರುವ ಗೇರ್ ಬಾಕ್ಸ್‌ಗೆ ಕಂಪನಿ ಹೇಳಿದ ದರ್ಜೆಯನ್ನೇ ಹಾಕಿ. ಜಿಎಲ್-4 ಹೇಳಿದ ಕಡೆ ಜಿಎಲ್-5 ಸುರಿದರೆ ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು.

ಈಗ ಉಳಿದಿರುವುದು ಕ್ಲಚ್. ಎಂಜಿನ್ 800 ಸುತ್ತಿನ ಐಡ್ಲಿಂಗ್‌ನಲ್ಲಿ ಇದ್ದಾಗಲೂ ಫಸ್ಟ್ ಗೇರ್ ಗಾಡಿಯನ್ನು ಗಂಟೆಗೆ ಸುಮಾರು 5 ಕಿ.ಮೀ. ವೇಗದಲ್ಲಿ ನಡೆಸುತ್ತದೆ. ಸೊನ್ನೆಯಿಂದ ಆ 5ರ ತನಕ ಯಾವ ಹಲ್ಲಿನ ಲೆಕ್ಕವೂ ನಡೆಯುವುದಿಲ್ಲ, ಅಷ್ಟು ದೂರ ಕ್ಲಚ್ ಜಾರಲೇಬೇಕು. ಅದನ್ನು ತೋರಿಸಲು ಇನ್‌ಪುಟ್ ಡ್ರಮ್ ಮತ್ತು ಶಾಫ್ಟ್‌ನ ನಡುವೆ ಕ್ಲಚ್ ಪ್ಲೇಟನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಹಳೇ ಫ್ಲೈವೀಲ್, ಪ್ರೆಷರ್ ಪ್ಲೇಟ್ ಕೂರಿಸಬೇಕು. ಪ್ರೆಷರ್ ಪ್ಲೇಟ್ ಸಿಕ್ಕಿದೆ, ಫ್ಲೈವೀಲ್ ಲೇತ್ ಅಂಗಡಿಯಲ್ಲಿದೆ.